ಅತ್ತೆ ನಡೆಸುವುದು, ಅಕ್ಕ ಹಾರಿಸುವುದು

ನಾನು ಈ ಮನೆಗೆ ಎರಡನೇ ಸೊಸೆಯಾಗಿ ಬರುವ ಮೊದಲೇ ನೆಂಟರೆಲ್ಲ ನನ್ನ ಕಿವಿ ಊದಿದ್ದರು. ಅತ್ತೆಗೂ ಮೊದಲ ಸೊಸೆಗೂ ಎಣ್ಣೆ ಸೀಗೆಕಾಯಿ, ನಡುವೆ ಸಿಕ್ಕಿ ಅಪ್ಪಚ್ಚಿಯಾಗಬೇಡ ಎಂದು. ಬಂದ ವಾರದೊಳಗೆ ಒಂದು ಮಧ್ಯಾಹ್ನ ನಾನು ಕಂಡದ್ದೇ ಬೇರೆ. ಮುಂದಿನ ಕೋಣೆಯಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತು, ಒಂದೇ ಕೀಬೋರ್ಡಿನ ಮೇಲೆ ಕೈಯಿಟ್ಟು, ರೆಪ್ಪೆ ಬಡಿಯದೆ ಕಂಪ್ಯೂಟರ್ ಪರದೆ ನೋಡುತ್ತಿದ್ದರು. ಪರದೆಯ ಮೇಲೆ ಹೆಬ್ಬೆರಳಿನಷ್ಟು ಎತ್ತರದ ಒಬ್ಬ ಮಾಲಿ, ಕೈಯಲ್ಲಿ ನೀರಿನ ಕ್ಯಾನು ಹಿಡಿದು, ನೆಲದಡಿಯ ಬಿಲದಲ್ಲಿ ಓಡುತ್ತಿದ್ದ. ಹಳ್ಳ ಬಂದರೆ ಹಾರುತ್ತಿದ್ದ, ಹೆಗ್ಗಣ ಬಂದರೆ ನೀರು ಎರಚುತ್ತಿದ್ದ.

"ಅಲ್ಲಿ ನಿಂತ್ಕೋಬೇಡ, ಬೆಳಕಿಗೆ ಅಡ್ಡ ಆಗ್ತೀಯ" ಎಂದರು ಅತ್ತೆ, ಹಿಂದಿರುಗಿಯೂ ನೋಡದೆ. ಅಲ್ಲಿಯವರೆಗೆ ಅವರು ನನ್ನೊಡನೆ ಆಡಿದ ಮಾತುಗಳಲ್ಲಿ ಅದೇ ಉದ್ದದ್ದು.

ಅತ್ತೆ ದರ್ಜಿ. ಮಾವ ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳನ್ನು ಹೊಲಿಗೆ ಮೆಷಿನ್ನಿನ ಪೆಡಲ್ ತುಳಿದೇ ದೊಡ್ಡವರನ್ನಾಗಿ ಮಾಡಿದವರು. ಊರಿನ ಶಾಲೆಗಳ ಸಮವಸ್ತ್ರ ಮುಕ್ಕಾಲು ಪಾಲು ಅವರ ಕೈಯಿಂದಲೇ ಹೋಗುತ್ತಿತ್ತು. ಮಾತು ಕಡಿಮೆ, ಆಡಿದರೆ ಕತ್ತರಿ. ಮೊದಲ ಸೊಸೆಯನ್ನು ನಾನು ಅಕ್ಕ ಎಂದೇ ಕರೆಯುವುದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಒಂದು ಕಿವಿಯಲ್ಲಿ ಒಬ್ಬರು ಬೈಯುತ್ತಿದ್ದರೆ ಕೈಯಲ್ಲಿ ಮತ್ತೊಬ್ಬರಿಗೆ ಲೈನು ಕೊಡುವಷ್ಟು ಚುರುಕು. ಅವಳದೂ ಕತ್ತರಿಯೇ. ಅಡುಗೆಮನೆಯಲ್ಲಿ ಎರಡು ಕತ್ತರಿ ಸೇರಿದರೆ ಏನಾಗಬೇಕೋ ಅದೇ ಆಗುತ್ತಿತ್ತು. ಉಪ್ಪು ಹೆಚ್ಚಾಯಿತು, ನಲ್ಲಿ ತಿರುಗಿಸಿಲ್ಲ, ಸೂಜಿಡಬ್ಬಿ ಯಾರು ಮುಟ್ಟಿದ್ದು. ಆದರೆ ಮಧ್ಯಾಹ್ನ ಅಕ್ಕನ ಬೆಳಗಿನ ಪಾಳಿ ಮುಗಿದು, ಅತ್ತೆಯ ಬಾಬಿನ್ನಿನ ದಾರ ಮುಗಿದರೆ, ಇಬ್ಬರೂ ಏನೂ ಆಗದವರಂತೆ ಆ ಬೆಂಚಿಗೆ ಬಂದು ಕೂರುತ್ತಿದ್ದರು.

ಕಂಪ್ಯೂಟರ್ ತಂದದ್ದು ಭಾವ, ಅಂದರೆ ಅಕ್ಕನ ಗಂಡ. ಯಾರದೋ ಆಫೀಸಿನಿಂದ ಹಳೆಯದೊಂದನ್ನು ಕೊಂಡು, ಮನೆಯಲ್ಲೇ ಟೈಪಿಂಗ್ ಕೆಲಸ ಶುರುಮಾಡಿದ್ದರು. ಮೇಜು ಕೊಳ್ಳುವ ತಾಪತ್ರಯ ಬೇಡವೆಂದು ಅತ್ತೆ ಹೊಸದು ಕೊಂಡ ಮೇಲೆ ಮೂಲೆಗೆ ಬಿದ್ದಿದ್ದ ಸವೆದ ಹೊಲಿಗೆ ಮೆಷಿನ್ನಿನ ತಲೆ ಬಿಚ್ಚಿ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಹಲಗೆ ಹೊಡೆದು ಅದರ ಮೇಲಿಟ್ಟರು. ಬೆಲ್ಟ್ ಕಳಚಿದ್ದರು, ಕೆಳಗಿನ ಪೆಡಲ್ ಹಾಗೇ ತೂಗುತ್ತಿತ್ತು. ಕಂಪ್ಯೂಟರಿನ ಜೊತೆ ಬಂದ ಫ್ಲಾಪಿಗಳಲ್ಲಿ ಒಂದರಲ್ಲಿ ಈ ಮಾಲಿ ಇದ್ದ. ಭಾವನಿಗೆ ಆಟವೆಂದರೆ ಅಲರ್ಜಿ, ಅವರು ಅದನ್ನು ತೆರೆದೂ ನೋಡಲಿಲ್ಲ. ಅತ್ತೆ ನೋಡಿದರು.

ಒಬ್ಬರೇ ಆಡುವ ಆಟವನ್ನು ಇಬ್ಬರು ಆಡುವಂತಾದದ್ದು ಅತ್ತೆಯ ಕೈಯಿಂದ. ಹೊಲಿಯುವವರ ಎರಡು ಕೈಗಳೂ ಬಟ್ಟೆಯ ಹಿಂದೆ ಒಂದೇ ಕಡೆಗೆ ಹೋಗುತ್ತವೆ. ಒಂದು ಕೈ ನಡೆಸಬೇಕು, ಇನ್ನೊಂದು ಕೈ ಹಾರಿಸಬೇಕು ಎಂದರೆ ಅವರಿಗೆ ಬಗ್ಗುತ್ತಿರಲಿಲ್ಲ. ಮೊದಲ ದಿನವೇ ಮಾಲಿ ಹಳ್ಳಕ್ಕೆ ಬಿದ್ದು ಬಿದ್ದು ಸಾಕಾಗಿ ಸೊಸೆಯನ್ನು ಕೂಗಿದರಂತೆ. "ಬಾರೇ ಇಲ್ಲಿ. ನಾನು ನಡೆಸ್ತೀನಿ, ನೀನು ಹಾರಿಸು." ಅಂದಿನಿಂದ ಬಲಗಡೆಯ ಬಾಣದ ಕೀಗಳು ಅತ್ತೆಯದು, ಎಡಮೂಲೆಯ ಹಾರುವ ಕೀ, ನೀರೆರಚುವ ಕೀ ಅಕ್ಕನದು. ಬಲಕ್ಕೆ ಅತ್ತೆ, ಎಡಕ್ಕೆ ಅಕ್ಕ. ಮಾಲಿಯ ಕಾಲು ಒಬ್ಬರ ಕೈಯಲ್ಲಿ, ಜೀವ ಇನ್ನೊಬ್ಬರ ಕೈಯಲ್ಲಿ.

ಆಟ ಮುಚ್ಚುವಾಗ ಪರದೆ ತುಂಬ ಇಂಗ್ಲಿಷಿನಲ್ಲಿ ಏನೋ ಬರುತ್ತಿತ್ತು. ಅಕ್ಕ ಓದಿ ಹೇಳಿದ್ದಳು. ಇದು ಮೂರು ಭಾಗದ ಆಟ, ಮೊದಲನೆಯದು ಪುಕ್ಕಟೆ. ಎಷ್ಟು ಬೇಕಾದರೂ ಆಡಿ, ನಕಲು ಮಾಡಿ ಗೆಳೆಯರಿಗೆ ಹಂಚಿ, ಹಿಡಿಸಿದರೆ ಮಾತ್ರ ಉಳಿದ ಎರಡಕ್ಕೆ ದುಡ್ಡು ಕಳಿಸಿ. ಆಗ ಆಟಗಳನ್ನು ಹಾಗೆ ಮಾರುತ್ತಿದ್ದ ಕಾಲ. ಅತ್ತೆಗೆ ಇದು ತಲೆಗೆ ಹತ್ತಿಬಿಟ್ಟಿತು.

"ಇಂಥ ವ್ಯಾಪಾರಿನ ನಾನು ಹುಟ್ಟಿದಾಗಿಂದ ಕಂಡಿಲ್ಲ" ಎಂದರು. "ಮೊದಲು ತೊಟ್ಟು ನೋಡು, ಮೈಗೆ ಒಪ್ಪಿದ್ರೆ ಬಾ ಅಂತಾನೆ. ಎಷ್ಟು ಧೈರ್ಯ ಇರಬೇಕು!"

"ಹಾಗಾದ್ರೆ ಎರಡನೇದು ತರಿಸೋಣ್ವಾ?" ಎಂದು ಕೇಳಿದ್ದೆ ನಾನು.

"ಒಂದನೇದೇ ಮುಗಿದಿಲ್ಲ. ಅರ್ಧ ಹೊಲಿದಿದ್ದನ್ನ ಬಿಟ್ಟು ಇನ್ನೊಂದಕ್ಕೆ ಕತ್ತರಿ ಹಾಕೋಳಲ್ಲ ನಾನು."

ಆ ವರ್ಷದಿಂದ ಅವರ ಹೊಲಿಗೆಯ ಪದ್ಧತಿಯೇ ಬದಲಾಯಿತು. ಶಾಲೆ ಶುರುವಾಗುವ ಹೊತ್ತಿಗೆ ಪ್ರತಿ ಮಗುವಿಗೆ ಮೂರು ಜೊತೆ ಸಮವಸ್ತ್ರ ಬೇಕು. ಅತ್ತೆ ಒಂದನ್ನೇ ಹೊಲಿದು ಕೊಡುತ್ತಿದ್ದರು. ಒಂದು ವಾರ ಓಡಾಡಲಿ, ಬೀಳಲಿ, ಮರ ಹತ್ತಲಿ. ಕಂಕುಳಲ್ಲಿ ಬಿಗಿದರೆ, ಹೊಲಿಗೆ ಬಿಟ್ಟರೆ, ಬಟ್ಟೆ ವಾಪಸು ತನ್ನಿ, ದುಡ್ಡು ಬೇಡ. ಹಿಡಿಸಿದರೆ ಉಳಿದ ಎರಡು ಹೊಲಿಯುತ್ತೇನೆ. ಬೇರೆ ದರ್ಜಿಗಳು ನಕ್ಕರು. ಒಂದೇ ವರ್ಷ ನಕ್ಕರು. ಇನ್ನು ಹಂಚುವ ಮಾತನ್ನಂತೂ ಅವರು ಆಜ್ಞೆ ಎಂದೇ ತಿಳಿದರು. ಕಂಪ್ಯೂಟರ್ ಇದ್ದ ಗಿರಾಕಿ ಯಾರೆಂದು ವಿಚಾರಿಸಿ ಇಟ್ಟುಕೊಂಡು, ಅಕ್ಕನಿಂದ ಫ್ಲಾಪಿ ನಕಲು ಮಾಡಿಸಿ, ಉಳಿದ ನೀಲಿ ಸಮವಸ್ತ್ರದ ತುಂಡಿನಲ್ಲಿ ಅದಕ್ಕೊಂದು ಚೀಲ ಹೊಲಿದು, ಬಟ್ಟೆಯ ಜೊತೆ ಕಳಿಸುತ್ತಿದ್ದರು. ಈಗ ನಲವತ್ತು ದಾಟಿದ ಕೆಲವರು ದಾರಿಯಲ್ಲಿ ಸಿಕ್ಕಿ, "ನೀಲಿ ಚೀಲದ ಆಟ ನಿಮ್ಮನೇದೇ ಅಲ್ವಾ?" ಎಂದು ಕೇಳುವುದುಂಟು. ಹೌದು ಎಂದರೆ ಅವರ ಮುಖ ಒಂದು ಗಳಿಗೆ ಹತ್ತು ವರ್ಷದ್ದಾಗುತ್ತದೆ. ಮನೆ ಒಡೆದ ಕಥೆ ಅವರಿಗೆ ಗೊತ್ತಿಲ್ಲ.

ಒಡೆದದ್ದು ಹೀಗೆ. ಟೈಪಿಂಗ್ ಕೆಲಸ ಕೈಹತ್ತಿ ಭಾವ ಹೊಸ ಕಂಪ್ಯೂಟರ್ ತಂದು ಅದೇ ಸ್ಟ್ಯಾಂಡಿನ ಮೇಲಿಟ್ಟರು, ಹಳೆಯದನ್ನು ಅಂಗಡಿಗೇ ಕೊಟ್ಟು ಬಂದರು. ಹೊಸದರ ಮುಂಭಾಗದಲ್ಲಿ ಒಂದು ಪುಟ್ಟ ಬಟನ್ ಇತ್ತು. ಭಾವ ಅದರ ಮೇಲೆ ಕಪ್ಪು ಟೇಪ್ ಅಂಟಿಸಿ, "ಇದನ್ನ ಯಾರೂ ಮುಟ್ಟಕೂಡದು, ಮೆಷಿನ್ ಹಾಳಾಗುತ್ತೆ" ಎಂದು ನಮ್ಮೆಲ್ಲರಿಗೂ ತಾಕೀತು ಮಾಡಿದರು. ಆ ಹೊತ್ತಿಗೆ ಅತ್ತೆ ಮತ್ತು ಅಕ್ಕ ಮೊದಲ ಭಾಗದ ಕೊನೆಯ ಬಿಲದವರೆಗೆ ಬಂದಿದ್ದರು. ಅಲ್ಲಿ ತೇಲುವ ಹಲಗೆಗಳ ಮೇಲಿಂದ ಒಂದಾದಮೇಲೊಂದು ಹಾರಿ ಬಾಗಿಲು ಮುಟ್ಟಬೇಕು. ಇನ್ನೆರಡು ದಿನ ಎಂದು ಇಬ್ಬರೂ ಲೆಕ್ಕ ಹಾಕಿದ್ದರು.

ಹೊಸ ಮೆಷಿನ್ನಿನಲ್ಲಿ ಮೊದಲ ಬಿಲವನ್ನೂ ದಾಟಲಾಗಲಿಲ್ಲ. ಮಾಲಿ ಹೊರಟದ್ದೇ ತಡ, ಹಳ್ಳದಲ್ಲಿ. ಮತ್ತೆ ಹೊರಟ, ಮತ್ತೆ ಹಳ್ಳ. ಕಣ್ಣುಮುಚ್ಚಿ ದಾಟುತ್ತಿದ್ದ ಜಾಗಗಳಲ್ಲೇ ಮುಗ್ಗರಿಸಿದರು. ಆಟ ಜೋರಾಗಿ ಓಡುತ್ತಿದೆ ಎಂದು ಹೊಳೆಯಬೇಕಿತ್ತಲ್ಲ ಎಂದು ಈಗ ಕೇಳುವುದು ಸುಲಭ. ಮೆಷಿನ್ ಹೊಸದು, ಹಳೆಯದಕ್ಕಿಂತ ಎಷ್ಟೋ ಮೇಲು ಎಂದು ಭಾವ ಊರಿಗೆಲ್ಲ ಸಾರಿದ್ದರು. ಮೆಷಿನ್ ಒಳ್ಳೆಯದು, ಆಟ ಅದೇ. ಹಾಗಾದರೆ ಕೆಟ್ಟದ್ದು ಯಾರು? ಪಕ್ಕದಲ್ಲಿ ಕೂತವರು.

"ತಡ ಮಾಡ್ತಿದೀಯ" ಎಂದರು ಅತ್ತೆ.

"ನೀವು ಹೇಳೋದೇ ತಡ" ಎಂದಳು ಅಕ್ಕ. ನನಗೆ ಅರ್ಥವಾಗಲಿಲ್ಲ, ಏಕೆಂದರೆ ಆಡುವಾಗ ಅತ್ತೆ ತುಟಿ ಬಿಚ್ಚುತ್ತಿರಲಿಲ್ಲ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ಆ ಗಾದೆ ನಿಮಗೇ ಹೇಳಿ ಮಾಡಿಸಿದ್ದು ಅತ್ತೆ."

ಹದಿನೈದು ದಿನ ಹೀಗೇ ನಡೆಯಿತು. ಗಾದೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ಕೊನೆಗೊಂದು ಮಧ್ಯಾಹ್ನ ಅತ್ತೆ ಬೆಂಚಿನಿಂದ ಎದ್ದು, "ಬೇಕು ಬೇಕಂತಲೇ ಬೀಳಿಸ್ತಾಳೆ. ಮನೇಲೂ ಇವಳು ಮಾಡ್ತಿರೋದು ಅದನ್ನೇ" ಎಂದರು. ಅಕ್ಕ ಕೀಬೋರ್ಡಿನಿಂದ ಕೈ ತೆಗೆದು ಒಂದೇ ಮಾತು ಹೇಳಿದಳು: "ನಿಮ್ಮ ಕಾಲಿಗೆ ವಯಸ್ಸಾಯ್ತು."

ಕಾಲಿನ ಮಾತು ಎಲ್ಲಿಂದ ಬಂತು ಎಂದು ನಮಗೆ ಯಾರಿಗೂ ತಿಳಿಯಲಿಲ್ಲ. ಆದರೆ ಪೆಡಲ್ ತುಳಿದು ಬದುಕಿದ ಹೆಂಗಸಿಗೆ ಕಾಲಿಗೆ ವಯಸ್ಸಾಯ್ತು ಎಂದರೆ ಇನ್ನೇನು ಉಳಿಯಿತು? ಅತ್ತೆಯ ಮುಖ ಬಿಳಿಚಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ತಿಂಗಳು ಮುಗಿಯುವುದರೊಳಗೆ ಭಾವ ಎರಡು ಬೀದಿ ಆಚೆ ಮನೆ ಹಿಡಿದರು. ಕಂಪ್ಯೂಟರ್ ಅವರ ಜೊತೆ ಹೋಯಿತು. ಸ್ಟ್ಯಾಂಡ್ ಅತ್ತೆಯ ಕೋಣೆ ಸೇರಿತು, ಬೆಂಚೂ ಸೇರಿತು.

ಇಪ್ಪತ್ತೈದು ವರ್ಷಕ್ಕೂ ಮೇಲಾಯಿತು. ಮುಖ ನೋಡದಷ್ಟು ಹಗೆಯೇನಲ್ಲ. ಮದುವೆಮನೆಗಳಲ್ಲಿ ಸಿಗುತ್ತಿದ್ದರು. ನಡುವೆ ಅಂಚೆಪೆಟ್ಟಿಗೆ ನಾನು. "ಅವಳಿಗೆ ಹೇಳು, ಮೊಮ್ಮಗನಿಗೆ ಚಳಿಯಲ್ಲಿ ಕಿವಿ ಮುಚ್ಚಿಸಬೇಕು ಅಂತ." "ಅವರಿಗೆ ಹೇಳು, ಗೊತ್ತು ಅಂತ." ಇಬ್ಬರೂ ಮೂರು ಅಡಿ ದೂರದಲ್ಲೇ ನಿಂತಿರುತ್ತಿದ್ದರು. ಒಮ್ಮೆ ನನ್ನ ಗಂಡ ಒಂದು ಕಂಪ್ಯೂಟರ್ ತಂದಾಗ ಅತ್ತೆ ಎಲ್ಲಿಂದಲೋ ನೀಲಿ ಚೀಲ ಹುಡುಕಿ ತೆಗೆದು, ನನ್ನನ್ನು ಬೆಂಚಿನ ಎಡಕ್ಕೆ ಕೂರಿಸಿಕೊಂಡರು. ಅದು ಇನ್ನೂ ಜೋರಿನ ಮೆಷಿನ್. ಮಾಲಿ ಕಣ್ಣಿಗೆ ಕಾಣುವ ಮೊದಲೇ ಸತ್ತ. "ನಿನಗೂ ಬರಲ್ಲ ಬಿಡು" ಎಂದು ಎದ್ದುಹೋದರು. ಆ 'ನಿನಗೂ' ಎಂಬುದು ನನ್ನನ್ನು ಚುಚ್ಚಿತು. ಎಷ್ಟು ವರ್ಷ ಜೊತೆಗಿದ್ದು ನೋಡಿಕೊಂಡರೂ ನಾನು ಆ ಜಾಗಕ್ಕೆ ಬದಲಿಯೇ. ಅವರಿಗೆ ಬೇಕಾಗಿದ್ದದ್ದು ಒಂದೇ: ಹಿರೀ ಸೊಸೆ ಬಂದು ಬೆಂಚಿನ ಎಡಗಡೆ ಕೂರಬೇಕು. ಬಾಯಿಬಿಟ್ಟು ಕೇಳುವ ಜಾಯಮಾನ ಅವರದಲ್ಲ, ಕೇಳದೆ ಬರುವ ಜಾಯಮಾನ ಅವಳದಲ್ಲ.

ಕಳೆದ ವರ್ಷ ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದು ಎಡಗಡೆ ಸೊಂಟದ ಮೂಳೆ ಮುರಿದುಕೊಂಡರು. ಮೂಳೆ ಕೂಡಿತು. ಆದರೆ ನರಕ್ಕೆ ಪೆಟ್ಟಾಗಿ ಎಡಪಾದ ಕೊರಡಾಯಿತು. ಇಟ್ಟ ಕಡೆ ಇರುತ್ತದೆ, ಹೇಳಿದ ಮಾತು ಕೇಳುವುದಿಲ್ಲ. ವ್ಯಾಯಾಮ ಮಾಡಿಸಲು ಬಂದವಳನ್ನು ಅತ್ತೆ ಬೈದು ಕಳಿಸಿದರು. ಗೋಡೆ ನೋಡಿಕೊಂಡು ಮಲಗಿದರು, ಊಟ ಕಡಿಮೆಯಾಯಿತು. ಎಂಬತ್ತರ ಹತ್ತಿರದವರು ಗೋಡೆ ಕಡೆ ತಿರುಗಿದರೆ ಮುಂದಿನದು ಹೇಳಬೇಕಾಗಿಲ್ಲ. ಅಕ್ಕ ಎರಡು ಸಲ ಬಂದಳು, ಬಾಗಿಲಲ್ಲೇ ನಿಂತು ನನ್ನನ್ನು ಕೇಳಿ ಹೋದಳು. ಒಳಗೆ ಬಾ ಎಂದು ಅತ್ತೆ ಅನ್ನಲಿಲ್ಲ.

ನನ್ನ ಮಗಳು ಕಾಲೇಜಿನಲ್ಲಿ ಓದುತ್ತಾಳೆ. ಅಜ್ಜಿಗೆ ಹೊತ್ತು ಹೋಗಲಿ ಎಂದು, ಹಳೆಯ ಆಟಗಳನ್ನು ಕೂಡಿಟ್ಟ ಜಾಲತಾಣವೊಂದರಿಂದ ಮಾಲಿಯನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡಳು. ಅಡುಗೆಮನೆಯಲ್ಲಿ ನನಗೆ ತೋರಿಸಿದಳು. ಮಾಲಿ ಆರಾಮಾಗಿ ನಡೆಯುತ್ತಿದ್ದ, ಹಲಗೆಗಳು ಮೆಲ್ಲಗೆ ತೇಲುತ್ತಿದ್ದವು.

"ಇಷ್ಟು ನಿಧಾನ ಇರಲಿಲ್ಲ ಕಣೇ" ಎಂದೆ.

"ಇದೇ ಸರಿಯಾದ ಸ್ಪೀಡ್ ಅಮ್ಮಾ, ಹಳೇ ಮೆಷಿನ್ ಥರ ಓಡಿಸೋ ಪ್ರೋಗ್ರಾಂ ಹಾಕಿದೀನಿ. ಆಗಿನ ಆಟಗಳಿಗೆ ಗಡಿಯಾರ ಇರ್ತಿರಲಿಲ್ಲ. ಮೆಷಿನ್ ಎಷ್ಟು ಜೋರೋ ಆಟ ಅಷ್ಟು ಜೋರು. ಹೊಸ ಮೆಷಿನ್‌ಗೆ ಹಾಕಿದ್ರೆ ಹುಚ್ಚು ಕುದುರೆ ಥರ ಓಡುತ್ತೆ. ಅದಕ್ಕೇ ಆಗಿನ ಕಂಪ್ಯೂಟರ್ ಮುಂದೆ ಒಂದು ಬಟನ್ ಕೊಡ್ತಿದ್ರಂತೆ. ಒತ್ತಿದ್ರೆ ಹಳೇ ಸ್ಪೀಡಿಗೆ ಇಳಿಯೋದು."

ನಾನು ಸ್ಟವ್ ಆರಿಸಿ ಕೂತೆ. ಕಪ್ಪು ಟೇಪು ಕಣ್ಣ ಮುಂದೆ ಬಂತು. ಒಂದು ಬೆರಳಿನ ಕೆಲಸ. ಇಬ್ಬರಿಗೂ ಕುಣಿಯಲು ಬರುತ್ತಿತ್ತು, ನೆಲವೇ ಡೊಂಕಾಗಿತ್ತು.

ಅತ್ತೆಗೆ ಹೇಳಿದೆ. ಗೋಡೆಯ ಕಡೆಯೇ ತಿರುಗಿಕೊಂಡು ಪೂರ್ತಿ ಕೇಳಿದರು. "ಹಾಗಾದ್ರೆ ಅವಳು ಬೇಕಂತ ಬೀಳಿಸಲಿಲ್ಲ" ಎಂದರು. ಅಷ್ಟೇ. ಆ ದಿನ ಊಟವನ್ನೇ ಮುಟ್ಟಲಿಲ್ಲ. ನನಗೆ ಭಯವಾಯಿತು. ಹೇಳಿ ತಪ್ಪು ಮಾಡಿದೆನೇನೋ ಅನ್ನಿಸಿತು. ಬೆಕ್ಕಿಗೆ ಗಂಟೆ ಕಟ್ಟಿಯಾಗಿದೆ, ಇನ್ನು ಹಿಂದೆಮುಂದೆ ನೋಡಿ ಏನು ಎಂದು ಅಕ್ಕನಿಗೆ ಫೋನ್ ಮಾಡಿದೆ.

ಅವಳು ಟೇಪಿನ ವಿಷಯ ಕೇಳಿ ನಕ್ಕಳು. ನಗು ನಿಂತ ಮೇಲೆ, "ಅವರು ಏನಂದ್ರು?" ಎಂದಳು.

"ಹೆಚ್ಚೇನೂ ಅನ್ನಲಿಲ್ಲ ಅಕ್ಕ. ಊಟ ಬಿಟ್ಟಿದಾರೆ."

ಮಧ್ಯಾಹ್ನ ಬಂದಳು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ನೇರ ಅತ್ತೆಯ ಕೋಣೆಗೆ ಹೋಗಿ, ಸ್ಟ್ಯಾಂಡಿನ ಮೇಲೆ ಪೇರಿಸಿಟ್ಟಿದ್ದ ಔಷಧಿ, ಹೊದಿಕೆ ಎಲ್ಲ ತೆಗೆದು ಮಂಚದ ಮೇಲೆ ಹಾಕಿದಳು. "ಲ್ಯಾಪ್‌ಟಾಪ್ ತಾ" ಎಂದಳು ನನ್ನ ಮಗಳಿಗೆ. ಬೆಂಚಿನ ಧೂಳನ್ನು ಬರಿಗೈಯಿಂದಲೇ ಒರೆಸಿದಳು. ಆಮೇಲೆ ಗೋಡೆ ಕಡೆ ಮುಖಮಾಡಿದವರಿಗೆ, ನನ್ನ ಮೂಲಕ ಅಲ್ಲ, ನೇರವಾಗಿ ಹೇಳಿದಳು: "ಏಳಿ ಅತ್ತೆ. ಅರ್ಧ ಹೊಲಿದು ಬಿಟ್ಟಿದೀರಿ."

ಅತ್ತೆ ಎದ್ದರು. ನಾವಿಬ್ಬರೂ ಹಿಡಿದು ಬೆಂಚಿನ ಬಲಗಡೆ ಕೂರಿಸಿದೆವು. ಅಕ್ಕ ಚಪ್ಪಲಿ ಬಿಟ್ಟು ಎಡಗಡೆ ಕೂತು, ಬಲಗಾಲನ್ನು ಕೆಳಗಿನ ಪೆಡಲಿನ ಮೇಲೆ ಇಟ್ಟಳು. ಬಗ್ಗಿ ಅತ್ತೆಯ ಎಡಪಾದವನ್ನೂ ಎತ್ತಿ ಅದೇ ಪೆಡಲಿನ ಮೇಲೆ ಇರಿಸಿದಳು. ಅದನ್ನು ನೋಡಿದಾಗ ನನಗೆ ತಿಳಿಯಿತು. ಅತ್ತೆ ಬಾಯಲ್ಲಿ ಹೇಳುತ್ತಿರಲಿಲ್ಲ, ಕಾಲಲ್ಲಿ ಹೇಳುತ್ತಿದ್ದರು. ಹಳ್ಳ ಬಂದಾಗ ಹೊಲಿಗೆಯವರ ಪಾದ ತನ್ನಷ್ಟಕ್ಕೆ ಪೆಡಲ್ ಒತ್ತುತ್ತಿತ್ತು, ಆ ತೂಗಾಟ ಅಕ್ಕನ ಪಾದಕ್ಕೆ ತಾಗುತ್ತಿತ್ತು, ಅವಳ ಬೆರಳು ಹಾರಿಸುತ್ತಿತ್ತು. ಅಕ್ಕ ಪರದೆಯ ಮೇಲೆ ಕಣ್ಣಿಟ್ಟಿದ್ದರೂ ಅದನ್ನು ನೋಡಿ ಹಾರಿಸಿದ್ದೇ ಇಲ್ಲ. ಹೊಸ ಮೆಷಿನ್ನಿನ ಓಟಕ್ಕೆ ಆ ಪಾದ ತಡವಾಗುತ್ತಿತ್ತು. ಕಾಲಿಗೆ ವಯಸ್ಸಾಯ್ತು ಎಂದು ಅವಳು ಅಂದದ್ದು ಬೈಗುಳವಲ್ಲ, ತನಗೆ ತಾಗಿದ್ದನ್ನು ತಾಗಿದಂತೆ ಹೇಳಿದ್ದಳು. ನಾನು ಎಡಗಡೆ ಕೂತಾಗ ಕಾಲು ಮಡಿಚಿ ಬೆಂಚಿನ ಮೇಲಿಟ್ಟುಕೊಂಡಿದ್ದೆ.

ಮಾಲಿ ಹೊರಟ. ಹಳ್ಳ ಬಂತು. ಪೆಡಲ್ ಅಲುಗಲಿಲ್ಲ. ಮಾಲಿ ಬಿದ್ದ.

"ಹೇಳಿ ಅತ್ತೆ" ಎಂದಳು ಅಕ್ಕ.

ಮತ್ತೆ ಹೊರಟ, ಮತ್ತೆ ಬಿದ್ದ. ಅತ್ತೆಯ ತೊಡೆ ನಡುಗಿತು, ಪಾದ ಕದಲಲಿಲ್ಲ.

"ಬರಲ್ಲ ಕಣೇ" ಎಂದರು ಅತ್ತೆ. "ನೀನು ಅವತ್ತು ಹೇಳಿದ್ದೇ ನಿಜ ಆಯ್ತು. ಕಾಲು ಸತ್ತೋಯ್ತು."

ಅತ್ತೆ ಕಣ್ಣಲ್ಲಿ ನೀರು ತಂದುಕೊಂಡದ್ದನ್ನು ನಾನು ಅದೇ ಮೊದಲು ನೋಡಿದ್ದು. ಮಾವ ಹೋದಾಗಲೂ ಅತ್ತಿರಲಿಲ್ಲ ಎಂದು ನನ್ನ ಗಂಡ ಹೇಳುತ್ತಾರೆ. ಮಗಳು ನನ್ನ ಮುಖ ನೋಡಿದಳು. ಸಾಕು, ಮಲಗಿಸೋಣ ಎಂದು ನಾನು ಮುಂದೆ ಬಂದೆ. ಅಕ್ಕ ಬೇಡವೆಂದು ತಲೆಯಾಡಿಸಿದಳು. ಮಡಿಲಲ್ಲಿ ಸುಮ್ಮನೆ ಬಿದ್ದಿದ್ದ ಅತ್ತೆಯ ಎಡಗೈಯನ್ನು ಎತ್ತಿ ತನ್ನ ಬಲ ಮೊಣಕಾಲಿನ ಮೇಲೆ ಇಟ್ಟುಕೊಂಡಳು.

"ಇಲ್ಲಿ ಹೇಳಿ" ಎಂದಳು.

ಹಳ್ಳ ಬಂತು. ಕೈ ತಟ್ಟಿತು. ಮಾಲಿ ಹಾರಿದ.

ಆಮೇಲಿನದನ್ನು ನಾನು ಬಾಗಿಲ ಬಳಿ ನಿಂತು ನೋಡಿದೆ. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಇಪ್ಪತ್ತೈದು ವರ್ಷ ಅನ್ನ ಹಾಕಿದವಳು ನಾನು, ಮೊಣಕಾಲು ಅವಳದು. ಬಿದ್ದರು, ಎದ್ದರು, ಬೈದುಕೊಂಡರು. "ಅವತ್ತು ಆ ಟೇಪ್ ಕಿತ್ತಿದ್ರೆ?" ಎಂದು ಅತ್ತೆ ನಡುವೆ ಕೇಳಿದರು. "ಕಿತ್ತಿದ್ರೆ ಉಪ್ಪಿಗೋ ಸೂಜಿಡಬ್ಬಿಗೋ ಜಗಳ ಆಡಿ ಹೋಗ್ತಿದ್ದೆ, ಮುಂದೆ ನೋಡಿ, ಹೆಗ್ಗಣ" ಎಂದಳು ಅಕ್ಕ. ಬಿಸಿಲು ಕಿಟಕಿಯಿಂದ ಸರಿಯುವ ಹೊತ್ತಿಗೆ ಕೊನೆಯ ಬಿಲ ಬಂತು. ಹಲಗೆ, ತಟ್ಟು, ಹಾರು. ಹಲಗೆ, ತಟ್ಟು, ಹಾರು. ಮಾಲಿ ಬಾಗಿಲು ಮುಟ್ಟಿದ. ಪರದೆ ಕಪ್ಪಾಗಿ, ಮೊದಲ ಭಾಗ ಮುಗಿಯಿತು, ಇನ್ನೆರಡು ಭಾಗಗಳಿವೆ ಎಂದು ಹಳೆಯ ಅಕ್ಷರಗಳು ಬಂದವು.

ಮಗಳು ಚಪ್ಪಾಳೆ ತಟ್ಟಿದಳು. ಬೆಂಚಿನ ಮೇಲಿನವರಿಬ್ಬರೂ ತಿರುಗಲಿಲ್ಲ. ಅಕ್ಕ ತಲೆ ತಗ್ಗಿಸಿ ಬಿಕ್ಕುತ್ತಿದ್ದಳು. ಹಾರಿಸುವ ಕೀಯಿಂದ ಅವಳ ಬೆರಳು ಆಗಲೇ ಸರಿದಿತ್ತು, ಪರದೆಯ ಮೇಲೆ ಹಾರಲು ಹಳ್ಳವೂ ಇರಲಿಲ್ಲ, ಮಾಲಿಯೂ ಇರಲಿಲ್ಲ. ಅತ್ತೆಯ ಕೈ ಮಾತ್ರ ಅವಳ ಮೊಣಕಾಲನ್ನು ತಟ್ಟುತ್ತಲೇ ಇತ್ತು.